ಲಗ್ನಪತ್ರಿಕೆಯ ಬೆನ್ನಿಗೆ ಬರೆದ ಹೆಸರುಗಳು

ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಸ್ಥಳ, ಹೊಳಲ್ಕೆರೆಯಲ್ಲಿ ಮೇಡಂ ಬಾಡಿಗೆಗಿದ್ದ ಮನೆಯ ನಡುಕೋಣೆ. ಹಾಜರಿದ್ದವರು ಮೂವರು: ಹೊಸದುರ್ಗದಲ್ಲಿ ನರ್ಸ್ ಆಗಿರುವ, ಮೇಡಂ ಅವರ ತಂಗಿಯ ಮಗಳು; ಮೇಡಂ ಇತಿಹಾಸ ಪಾಠ ಹೇಳುತ್ತಿದ್ದ ಕಾಲೇಜಿನ ಗ್ರಂಥಪಾಲಕರು, ಮತ್ತು ನಾನು. ಮೇಡಂ ತೀರಿಕೊಂಡು ಇಪ್ಪತ್ಮೂರು ದಿನಗಳಾಗಿದ್ದವು. ತಿಂಗಳ ಕೊನೆಯೊಳಗೆ ಮನೆ ಖಾಲಿಯಾಗಬೇಕಿತ್ತು. ಪುಸ್ತಕಗಳನ್ನು ಗ್ರಂಥಪಾಲಕರು ಒಯ್ಯುವುದು, ಪಾತ್ರೆ ಬಟ್ಟೆಗಳನ್ನು ಹುಡುಗಿ ನೋಡಿಕೊಳ್ಳುವುದು, ಮೇಡಂ ತಮ್ಮ ಪುಸ್ತಕಕ್ಕೆಂದು ಬರೆದಿಟ್ಟ ಚೀಟಿಗಳನ್ನು ನಾನು ಜೋಡಿಸುವುದು ಎಂದು ಮಾತಾಗಿತ್ತು.

ನನ್ನನ್ನು ಕರೆಯಲು ಕಾರಣವಿತ್ತು. "ಅರ್ಧಕ್ಕರ್ಧ ಚೀಟಿ ನಿಮ್ಮ ಅಕ್ಷರದಾಗೇ ಐತಂತೆ ಸಾರ್. ನಮಗೆ ತಲೆಬುಡ ಗೊತ್ತಾಗಲ್ಲ, ನೀವೇ ಬರ್ರಿ" ಎಂದು ಹುಡುಗಿ ಫೋನ್ ಮಾಡಿದ್ದಳು. ನಾನು ಆ ಮನೆಯ ಹೊಸ್ತಿಲು ದಾಟಿ ನಾಲ್ಕು ವರ್ಷವಾಗಿದ್ದುದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕಾಲೇಜಿನಲ್ಲಿ ಮೇಡಂಗೆ ಶ್ರದ್ಧಾಂಜಲಿ ಸಭೆ ನಡೆದಿತ್ತು. ಭಾಷಣ ಮಾಡಿದವರು ಅವರನ್ನು "ಅಪ್ಪಟ ಇತಿಹಾಸಪ್ರೇಮಿ" ಎಂದರು. ಇತಿಹಾಸವನ್ನು ಅವರು ಪ್ರೀತಿಸಿದ್ದನ್ನು ನಾನಂತೂ ಕಾಣೆ. ಅವರು ಅದನ್ನು ಒಬ್ಬ ಆರೋಪಿಯನ್ನು ನೋಡುವಂತೆ ನೋಡುತ್ತಿದ್ದರು. ಅವರು ಇಪ್ಪತ್ತಾರು ವರ್ಷ ಏನನ್ನು ಓದಿದರು, ಏನನ್ನು ಬರೆಯುತ್ತಿದ್ದರು ಎಂಬುದನ್ನು ಆ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಮುಂದಿಟ್ಟಿದ್ದ ಉಪ್ಪಿಟ್ಟು ಇಳಿಯುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತೇನೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಂದು ಜನಾಂಗವನ್ನು ಇನ್ನೊಂದು ಜನಾಂಗ ಕೂತು ಯೋಚಿಸಿ, ಕಾಗದದಲ್ಲಿ ಬರೆದು, ಕೊಂದ ಸಂಗತಿಗಳನ್ನು ಅವರು ಓದುತ್ತಿದ್ದರು. ಮರಳುಗಾಡಿಗೆ ನಡೆಸಿಕೊಂಡು ಹೋಗಿ ಕೊಲ್ಲಲಾದ ಆರ್ಮೇನಿಯದವರು, ಯುರೋಪಿನ ಯಹೂದಿಗಳು, ಜಿಪ್ಸಿಗಳು, ಕಾಂಬೋಡಿಯ, ರುವಾಂಡ, ಬಾಸ್ನಿಯ. "ನರಮೇಧ" ಎಂಬ ಮಾತನ್ನು ಅವರು ಬಳಸುತ್ತಿರಲಿಲ್ಲ. "ಮೇಧ ಅಂದ್ರೆ ಯಾಗ. ಇದ್ರಾಗೆ ಯಾವ ದೇವ್ರೂ ಇಲ್ಲ, ಯಾವ ಪುಣ್ಯಾನೂ ಇಲ್ಲ. ಕೊಲೆ ಅಂದ್ರೆ ಸಾಕು" ಎನ್ನುತ್ತಿದ್ದರು.

ನಾನು ರೈಲ್ವೆಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವನು. ಕೊನೆಯ ಹನ್ನೊಂದು ವರ್ಷ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರ್. ನಾಲ್ಕೂವರೆಗೆ ಏಳುವುದು, ಐದಕ್ಕೆ ನಡಿಗೆ, ಆರಕ್ಕೆ ಸ್ನಾನ. ನಿವೃತ್ತನಾದರೂ ಇದರಲ್ಲಿ ಬದಲಾವಣೆ ಇಲ್ಲ. ಮೇಡಂ ಮೊದಲ ಸಲ ನನ್ನ ಕೋಣೆಗೆ ಬಂದಾಗ ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕೈಮಗ್ಗದ ಸೀರೆ, ದಪ್ಪ ಕನ್ನಡಕ, ಹೆಗಲಲ್ಲಿ ರೇಷನ್ ತರುವ ಚೀಲ. ಹೊರಡುವ ಗಾಡಿಯ ವಿಷಯ ಕೇಳುತ್ತಾರೆ ಎಂದುಕೊಂಡೆ.

"ಗೂಡ್ಸ್ ಗಾಡಿ ಬಂದ್ರೆ ಒಳಗೇನೈತೆ ಅಂತ ನಿಮಗೆ ಗೊತ್ತಾಗುತ್ತಾ ಸಾರ್?"

"ಕಾಗದದಲ್ಲಿ ಇರುತ್ತೆ."

"ಕಾಗದ ಓದ್ತೀರಾ?"

"ನನಗೆ ಬೇಕಾದ್ದು ಎಷ್ಟು ವ್ಯಾಗನ್ನು, ಯಾವ ಲೈನ್ ಖಾಲಿ ಇದೆ ಅನ್ನೋದು. ಲೈನ್ ಖಾಲಿ ಇದ್ರೆ ಗಾಡಿ ಬಿಡ್ತೀನಿ."

"ಒಳಗೆ ಜನ ಇದ್ರೆ?"

"ಗೂಡ್ಸಲ್ಲಿ ಜನ ಯಾಕಮ್ಮ ಇರ್ತಾರೆ?"

ಆಗ ಅವರು ಹೇಳಿದರು. ಯುರೋಪಿನಲ್ಲಿ ಸಾಯಿಸಲು ಒಯ್ಯುವ ಜನರನ್ನು ದನದ ವ್ಯಾಗನ್ನುಗಳಲ್ಲಿ ತುಂಬಿ ಕಳಿಸಿದರಂತೆ. ಅದಕ್ಕೂ ವೇಳಾಪಟ್ಟಿ ಇತ್ತಂತೆ. ರೈಲ್ವೆಯವರು ಅದಕ್ಕೂ ಟಿಕೆಟ್ ದರ ಹಾಕಿದರಂತೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, ತೀರಾ ಸಣ್ಣ ಕೂಸುಗಳಿಗೆ ಬಿಟ್ಟಿ. ಕಾವಲಿನವರಿಗೆ ಮಾತ್ರ ಹೋಗಿಬರುವ ಟಿಕೆಟ್, ಉಳಿದವರಿಗೆ ಹೋಗುವುದಕ್ಕಷ್ಟೇ.

"ದರ ರೂಲ್ ಪ್ರಕಾರ ಸರಿಯಾಗೇ ಇದೆಯಲ್ಲ" ಎಂದೆ. ಬಾಯಿಗೆ ಬಂದದ್ದು ಅದು.

ಅವರು ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಮಾತನ್ನು ಇದ್ದದ್ದು ಇದ್ದಂತೆ ಬರೆದುಕೊಂಡರು. ವಿದ್ಯಾವಂತರೊಬ್ಬರು ನನ್ನ ಮಾತು ಬರೆದುಕೊಂಡರಲ್ಲಾ ಎಂದು ನನಗೆ ಹೆಮ್ಮೆಯಾಯಿತು. ಹೆಂಡತಿಗೂ ಹೇಳಿದೆ.

ಆಮೇಲೆ ನಾಲ್ಕಾರು ಸಲ ಬಂದರು. ಒಂದು ಗಾಡಿಗೆ ಎಷ್ಟು ಜನರ ಸಹಿ ಬೇಕು, ಒಬ್ಬ ಸಹಿ ಹಾಕದಿದ್ದರೆ ಏನಾಗುತ್ತದೆ, ಹಾಗೆ ಹಾಕದೆ ಕೂತವರನ್ನು ನಾನು ನೋಡಿದ್ದೇನೆಯೇ, ಇವು ಅವರ ಪ್ರಶ್ನೆಗಳು. ನೋಡಿಲ್ಲ ಎಂದೆ. "ನಾನೂ ಇನ್ನೂ ಹುಡುಕ್ತಾ ಇದೀನಿ. ಒಬ್ಬಿಬ್ರು ಸಿಗ್ತಾರೆ, ಅಷ್ಟೇ" ಎಂದರು.

ಅವರು ಹೊಸದುರ್ಗ ತಾಲ್ಲೂಕಿನವರು, ಶ್ರೀರಾಂಪುರದ ಕಡೆಯ ಹಳ್ಳಿ. ತಂದೆ ಕುರಿ ಕಾಯುತ್ತಿದ್ದವರು. "ನಮ್ಮಪ್ಪಗೆ ಎಷ್ಟು ಕುರಿ ಅವೆ ಅಂತ ಗೊತ್ತಿರ್ಲಿಲ್ಲ. ಎಣಿಸ್ತಾನೂ ಇರ್ಲಿಲ್ಲ. ಸಂಜೆ ಹಟ್ಟಿ ಬಾಗಿಲಾಗೆ ನಿಂತು ಮುಖ ನೋಡ್ತಿದ್ದ. ಎಲ್ಲಾ ಒಳಗೆ ಹೋದ ಮ್ಯಾಲೆ, ಕರಿಕಿವಿಯೋಳು ಬಂದಿಲ್ಲ ನೋಡ್ರಲೇ ಅಂತಿದ್ದ. ನಾನು ಪಿಎಚ್‌ಡಿ ಮಾಡಿದ್ದು ಅಲ್ಲಿ." ನಿಜವಾದ ಪಿಎಚ್‌ಡಿ ಅವರಿಗೆ ಸಿಗಲಿಲ್ಲ. ವಿಷಯ ಕೇಳಿ ಮಾರ್ಗದರ್ಶಕರೇ ಹಿಂದೆ ಸರಿದರಂತೆ. ಅವರ ಪ್ರಿನ್ಸಿಪಾಲರೊಬ್ಬರು, "ದುರ್ಗದಂಥ ಕೋಟೆ ಪಕ್ಕದಾಗಿಟ್ಕಂಡು ನಿಂಗ್ಯಾಕಮ್ಮ ರುವಾಂಡ?" ಎಂದು ಕೇಳಿದ್ದರು. "ಕೋಟೆ ನೋಡೋಕೆ ಟಿಕೆಟ್ ತಗಂಡು ಜನ ಬರ್ತಾರೆ ಸಾರ್. ಇದನ್ನ ಪುಕ್ಕಟೆ ತೋರಿಸಿದ್ರೂ ಯಾರೂ ನೋಡಲ್ಲ. ಅದಕ್ಕೆ" ಎಂದು ಇವರು ಉತ್ತರಿಸಿದ್ದರು. ಆ ವರ್ಷ ಇವರಿಗೆ ಇನ್‌ಕ್ರಿಮೆಂಟಿನ ಕಾಗದ ತಡವಾಗಿ ಬಂತು.

ವಿದ್ಯಾರ್ಥಿಗಳು ಅವರಿಗೆ "ಹೆಣದ ಮೇಡಂ" ಎಂದು ಹೆಸರಿಟ್ಟಿದ್ದರು. ಅವರಿಗೆ ಗೊತ್ತಿತ್ತು. ಕಾಂಬೋಡಿಯದಲ್ಲಿ ಕನ್ನಡಕ ಹಾಕಿದವರನ್ನೂ ಓದಿದವರೆಂದು ಹಿಡಿದು ಕೊಂದರು ಎಂದು ಪಾಠದಲ್ಲಿ ಹೇಳಿದಾಗ ಹಿಂದಿನ ಬೆಂಚಿನವನೊಬ್ಬ, "ಹಂಗಾರೆ ಮೇಡಂ, ಮೊದ್ಲು ನೀವೇ" ಎಂದನಂತೆ. ಇಡೀ ತರಗತಿ ನಕ್ಕಿತು. ಮೇಡಂ ಕೂಡ ನಕ್ಕರು. "ಹೂಂ ಕಣಯ್ಯ. ಆದ್ರೆ ಅವರಿಗೆ ನನ್ನ ಮನೆ ತೋರ್ಸೋನು ನೀನೇ. ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕಿಸ್ಕಳೋಕೆ ಬಂದು ನೋಡಿದೀಯಲ್ಲ" ಎಂದರು. ಆಮೇಲೆ ಯಾರೂ ನಗಲಿಲ್ಲ. ಇದನ್ನು ನನಗೆ ಹೇಳಿದವನು ಆ ಹಿಂದಿನ ಬೆಂಚಿನವನೇ. ಈಗ ಚಿತ್ರದುರ್ಗದಲ್ಲಿ ವಕೀಲ.

ಕೊಂದವರು ಯಾರು, ಸತ್ತವರೆಷ್ಟು ಎಂಬುದಕ್ಕಿಂತ ಮೇಡಂ ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ ಬೇರೆ: ಹಿಂದಿನ ದಿನ ಏನು ಮಾಡುತ್ತಿದ್ದರು? ನಾಳೆ ಪಕ್ಕದ ಮನೆಯವನನ್ನು ಕಡಿಯುವವನು ಇಂದು ಸಂಜೆ ಏನು ತಿಂದ, ಯಾರ ಜೊತೆ ಮಾತಾಡಿದ, ಯಾವ ಕಾಗದ ಬರೆದ? ಅವರು ಕನ್ನಡದಲ್ಲಿ ಬರೆಯುತ್ತಿದ್ದ ಪುಸ್ತಕದ ಹೆಸರೂ "ಹಿಂದಿನ ದಿನ" ಎಂದೇ. "ಕತ್ತಿ ಹಿಡಿಯೋದು ಕೊನೇ ಕೆಲಸ. ಅದಕ್ಕೂ ಮುಂಚೆ ಬೇಕಾದಷ್ಟು ಕೆಲಸ ಇರ್ತವೆ. ರುವಾಂಡದಾಗೆ ಮೊದ್ಲು ಗುರುತಿನ ಚೀಟಿ ಮ್ಯಾಲೆ ಜಾತಿ ಬರೆದ್ರು. ಆಮೇಲೆ ರೇಡಿಯೋದಾಗೆ ಅವರನ್ನ ಜಿರಲೆ ಅಂದ್ರು. ಬರೆದೋನೂ ಓದಿದೋನೂ ಸಂಬಳ ತಗಂಡು ಮನೆಗೆ ಹೋದ್ರು" ಎನ್ನುತ್ತಿದ್ದರು.

ಅವರು ವಿದೇಶ ನೋಡಿದವರಲ್ಲ. ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಓದುತ್ತಿದ್ದರು. ಬದುಕುಳಿದವರು ಹೇಳಿದ್ದನ್ನು ಓದಿ, ಅದರಲ್ಲಿ ಬರುವ ಒಬ್ಬೊಬ್ಬ ಸತ್ತವನಿಗೂ ಒಂದು ಚೀಟಿ ಬರೆಯುತ್ತಿದ್ದರು. ಹೆಸರು, ವಯಸ್ಸು, ಊರು, ಉದ್ಯೋಗ, ಹಿಂದಿನ ದಿನ ಏನು ಮಾಡುತ್ತಿದ್ದರು. ಚೀಟಿ ಎಂದರೆ ಲಗ್ನಪತ್ರಿಕೆಗಳ ಬೆನ್ನು. ನಮ್ಮ ಕಡೆ ಮನೆಗೆ ವರ್ಷಕ್ಕೆ ನೂರಾರು ಬರುತ್ತವೆ, ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಅದನ್ನು ಎರಡಾಗಿ ಕತ್ತರಿಸಿದರೆ ಎರಡು ಚೀಟಿ. ಒಂದು ಕಡೆ ಗಣಪತಿ, ಅರಿಶಿನದ ಬೊಟ್ಟು, ಸುಮುಹೂರ್ತ. ತಿರುಗಿಸಿದರೆ ಸತ್ತವನ ಹೆಸರು. ಸಂಗತಿ ಊರಿಗೆ ತಿಳಿದ ಮೇಲೆ ಅವರಿಗೆ ಮದುವೆಯ ಕರೆಯೋಲೆ ಬರುವುದು ನಿಂತಿತು. "ಒಳ್ಳೇದೇ ಆಯ್ತು, ಉಡುಗೊರೆ ಖರ್ಚು ಉಳೀತು. ಈಗ ಚೀಟಿಗೆ ಕಾರ್ಡು ಕೊಳ್ಳೋ ಖರ್ಚು ಬಂತು ನೋಡ್ರಿ" ಎಂದು ಅವರು ನಗುತ್ತಿದ್ದರು.

ಅವರ ಮನೆಗೆ ಮೊದಲ ಸಲ ಹೋದಾಗ ಮೇಜಿನ ಮೇಲೆ, ನಾನೇ ಕೊಟ್ಟಿದ್ದ ನನ್ನ ಮಗಳ ಲಗ್ನಪತ್ರಿಕೆಯ ಅರ್ಧ ಕಂಡಿತು.

"ಇದರ ಹಿಂದೆ ಯಾರ ಹೆಸರು ಬರೆದಿರಿ?" ಸಿಟ್ಟಿನಿಂದಲೇ ಕೇಳಿದೆ.

ತಿರುಗಿಸಿ ತೋರಿಸಿದರು. ಬಾಸ್ನಿಯದ ಒಬ್ಬ ಬಡಗಿ. ಹಿಂದಿನ ದಿನ ಮಗಳಿಗೆ ತೊಟ್ಟಿಲು ಮಾಡುತ್ತಿದ್ದನಂತೆ. ನಾನು ಪತ್ರಿಕೆ ವಾಪಸ್ ಕೇಳಲಿಲ್ಲ.

ಅವರ ಮನೆಯ ಅವ್ಯವಸ್ಥೆ ನನಗೆ ಸಹಿಸಲಾಗಲಿಲ್ಲ. ಚೀಟಿಗಳು ಮಂಡಕ್ಕಿ ಡಬ್ಬಿಯಲ್ಲಿ, ದಿಂಬಿನ ಕೆಳಗೆ, ದೇವರಗೂಡಿನಲ್ಲಿ. ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ನಿವೃತ್ತನಾದ ತಿಂಗಳಲ್ಲೇ ನಾನು ಒಂದು ಕ್ರಮ ಮಾಡಿದೆ. ಚಪ್ಪಲಿ ಅಂಗಡಿಯಿಂದ ಖಾಲಿ ಪೆಟ್ಟಿಗೆ ತಂದೆ. ಗೆರೆ ಎಳೆದು ಕಾಲಂ ಮಾಡಿದೆ. ಮಂಗಳವಾರ ಮತ್ತು ಶುಕ್ರವಾರ ಹತ್ತರಿಂದ ಹನ್ನೆರಡೂವರೆಯವರೆಗೆ ಅವರ ಚೀಟಿಗಳನ್ನು ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ಒಂಬತ್ತು ವರ್ಷ ಹೀಗೆ ನಡೆಯಿತು. ಅವರು ನನ್ನ ಅಕ್ಷರವನ್ನು ಒಮ್ಮೆಯೂ ಹೊಗಳಲಿಲ್ಲ. ಹೊಗಳುವ ಸ್ವಭಾವವೇ ಅವರದಲ್ಲ. ತಂಗಿಯ ಮಗಳ ಮದುವೆಯ ದಿನ ಪುಸ್ತಕದ ಪಾರ್ಸೆಲ್ ಬಂತೆಂದು ಮದುವೆಗೇ ಹೋಗದೆ ಕೂತವರು. ಇದೇ ನರ್ಸ್ ಹುಡುಗಿ ಎರಡು ವರ್ಷ ಅವರೊಡನೆ ಮಾತು ಬಿಟ್ಟಿದ್ದಳು. ಸತ್ತವರಿಗೆ ಇಷ್ಟು ಮರ್ಯಾದೆ ಕೊಡುವವರು ಬದುಕಿರುವವರನ್ನು ಕಾಯಿಸುತ್ತಾರೆ ಎಂದು ನಾನೇ ಅವರಿಗೆ ಹೇಳಿದ್ದೇನೆ. "ನಿಜ ಸಾರ್" ಎಂದರು. ತಿದ್ದಿಕೊಳ್ಳಲಿಲ್ಲ.

ಒಂದು ದಿನ ಮೂರು ವರ್ಷದ ಮಗುವಿನ ಚೀಟಿ ಬಂತು. "ಉದ್ಯೋಗದ ಕಾಲಂ ಖಾಲಿ ಬಿಡಲಾ ಮೇಡಂ?" ಎಂದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ಆಟ ಅಂತ ಬರೀರಿ" ಎಂದರು. ಬರೆದೆ. ಆಮೇಲೆ ಅಂಥ ಚೀಟಿ ಬಂದಾಗಲೆಲ್ಲ ಕೇಳದೆ ಹಾಗೇ ಬರೆದೆ. ಎಷ್ಟು ಸಲ ಬರೆದೆನೋ, ಲೆಕ್ಕ ಇಟ್ಟಿಲ್ಲ.

ಇಷ್ಟೆಲ್ಲ ಬರೆದ ಕೈಯೇ ಇನ್ನೊಂದನ್ನೂ ಬರೆಯಿತು. ನಾನಿರುವ ಊರಿನ ಹೆಸರು ಹಾಕುವುದಿಲ್ಲ. ನಮ್ಮ ಬಡಾವಣೆಯಂಥವು ಈ ಸೀಮೆಯಲ್ಲಿ ಊರಿಗೊಂದಿವೆ. ನಾಲ್ಕು ವರ್ಷದ ಹಿಂದೆ ಬಡಾವಣೆಯ ಪಕ್ಕದ ಬಯಲಿನಲ್ಲಿ ಅಲೆಮಾರಿಗಳು ಗುಡಾರ ಹಾಕಿದ್ದರು. ಆಂಧ್ರದ ಗಡಿ ಕಡೆಯವರು. ಹೆಂಗಸರು ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಉದುರಿದ ತಲೆಗೂದಲು ಕೊಳ್ಳುವರು, ಗಂಡಸರು ಸ್ಟೌ ರಿಪೇರಿ ಮಾಡುವರು. ಅದೇ ಸಮಯಕ್ಕೆ ಎಲ್ಲರ ಫೋನಿಗೂ ಮಕ್ಕಳ ಕಳ್ಳರ ವಿಡಿಯೋ ಬಂತು. ಎಲ್ಲಿಯದೋ, ಯಾರದೋ. ನಮ್ಮ ಬಡಾವಣೆಯಲ್ಲಿ ಒಂದು ಮಗುವೂ ಕಳೆದಿರಲಿಲ್ಲ. ಆದರೂ ಬಡಾವಣೆ ಸಂಘದ ಅಧ್ಯಕ್ಷರು ಸಭೆ ಕರೆದರು.

"ಸಾರ್, ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗೈತೆ. ಅಲ್ಲಿ ಯಾರ್ಯಾರು ಅವ್ರೆ, ಎಷ್ಟು ಜನ, ಒಂದು ಪಟ್ಟಿ ಮಾಡ್ಕೊಟ್ಬಿಡ್ರಿ. ಸುಮ್ನೆ ನಮ್ಮ ರೆಕಾರ್ಡಿಗೆ" ಎಂದರು.

ಪಟ್ಟಿ ಎಂದರೆ ನನಗೆ ತಪ್ಪು ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಪ್ಯಾಡು ಹಿಡಿದು ಹೋದೆ. ಅವರು ಹೆದರಲಿಲ್ಲ. ಪ್ಯಾಂಟು ಶರ್ಟು ಹಾಕಿದ ಮುದುಕ ಹೆಸರು ಬರೆದುಕೊಳ್ಳಲು ಬಂದರೆ ರೇಷನ್ ಕಾರ್ಡು ಬರುತ್ತದೆ ಎಂದು ಅವರ ಲೆಕ್ಕ. ಒಬ್ಬ ಹೆಂಗಸು ಸ್ಟೂಲು ತೊಳೆದು ಕೊಟ್ಟಳು, ಚಹಾ ತಂದಳು. "ಸಾಮಿ, ಇದು ಕಾರ್ಡಿಗಾ?" ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ನೋಡೋಣ" ಎಂದೆ. ಅದನ್ನು ಕೇಳಿ ಅವರು ಒಳಗೆ ಮಲಗಿದ್ದವರನ್ನೂ ಎಬ್ಬಿಸಿ ಹೆಸರು ಹೇಳಿಸಿದರು.

ಮನೆಗೆ ಬಂದು ಗೆರೆ ಎಳೆದು ಶುದ್ಧಪ್ರತಿ ಮಾಡಿದೆ. ಕ್ರಮಸಂಖ್ಯೆ, ಹೆಸರು, ವಯಸ್ಸು, ಎಲ್ಲಿಂದ ಬಂದವರು. ಕೊನೆಯಲ್ಲಿ ಇನ್ನೊಂದು ಕಾಲಂ ಸೇರಿಸಿದೆ: ಗುಡಾರದ ಗುರುತು. ನೀಲಿ ಹಾಳೆ, ರಸ್ತೆಯಿಂದ ಮೊದಲನೆಯದು. ಹಸಿರು ತಾಡಪಾಲು, ಎರಡನೆಯದು. ಹರಿದ ಫ್ಲೆಕ್ಸು, ಬೇವಿನ ಮರದ ಪಕ್ಕ. ಇದನ್ನು ಸೇರಿಸು ಎಂದು ನನಗೆ ಯಾರೂ ಹೇಳಿರಲಿಲ್ಲ.

ಪಟ್ಟಿ ಫೋಟೋ ಆಗಿ ಫೋನಿನಿಂದ ಫೋನಿಗೆ ಹೋಯಿತು. ಮೇಲೆ ಯಾರೋ "ಮಕ್ಕಳ ಕಳ್ಳರು" ಎಂದು ಸೇರಿಸಿದರು. ಐದನೆಯ ದಿನ ಬೆಳಗಿನ ಜಾವ ಬೈಕುಗಳಲ್ಲಿ ಬಂದವರು ಗುಡಾರಗಳನ್ನು ಒಂದೊಂದಾಗಿ ಹುಡುಕಿ, ಹೆಸರು ಕೂಗಿ ಹೊರಗೆಳೆದು, ಕಿತ್ತು ಸುಟ್ಟರು. ಇಬ್ಬರು ಗಂಡಸರಿಗೆ ಸರಿಯಾಗಿ ಬಿತ್ತು. ಒಬ್ಬ ಮುದುಕಿಯನ್ನು ಎಳೆದು ಹೆದ್ದಾರಿಗೆ ತಂದು ಬಿಟ್ಟರು. ಆ ಜನ ನಡೆದುಕೊಂಡು ಹೊರಟುಹೋದರು. ಮೂರನೆಯ ದಿನ ಮುದುಕಿ ಬಸ್ಸಿನ ತಂಗುದಾಣವೊಂದರಲ್ಲಿ ಸತ್ತಳಂತೆ. ವಯಸ್ಸಾಗಿತ್ತು ಎಂದರು ನಮ್ಮವರು. ಯಾರೂ ದೂರು ಕೊಡಲಿಲ್ಲ. ನಾನು ಆ ದಿನವೂ ಐದಕ್ಕೆ ನಡಿಗೆಗೆ ಹೋಗಿದ್ದೆ. ಹೊಗೆ ಕಂಡು ಬೇರೆ ದಾರಿ ಹಿಡಿದೆ.

ಶುಕ್ರವಾರ ಎಂದಿನಂತೆ ಹತ್ತು ಗಂಟೆಗೆ ಮೇಡಂ ಮನೆಗೆ ಹೋದೆ. ಅವರು ಫೋನನ್ನು ಮೇಜಿನ ಮೇಲೆ, ನನ್ನ ಚೀಟಿಯ ಪಕ್ಕ ಇಟ್ಟರು. ಎರಡರಲ್ಲೂ ಒಂದೇ ಅಕ್ಷರ, ಒಂದೇ ಥರದ ಗೆರೆ.

"ಇದು ನಿಮ್ಮದಾ?"

"ಹೌದು."

"ಈ ಕೊನೇ ಕಾಲಂ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಅನುಕೂಲ ಆಗ್ಲಿ ಅಂತ..."

"ಆಯ್ತಲ್ಲ, ಅನುಕೂಲ."

ನನಗೆ ರೇಗಿತು. "ನಾನು ಬರೆದದ್ದು ಹೆಸರು. ಬೆಂಕಿ ಹಚ್ಚಿದ್ದು ನಾನಲ್ಲ. ನೀವು ಓದೋ ಕೊಲೆಗಾರರ ಸಾಲಿಗೆ ನನ್ನನ್ನ ಸೇರಿಸ್ತೀರಾ?"

"ಸೇರ್ಸಲ್ಲ ಸಾರ್. ನೀವು ಹಿಂದಿನ ದಿನದ ಸಾಲಿನೋರು" ಎಂದರು. ದನಿ ಏರಲಿಲ್ಲ. "ನನ್ನ ಹತ್ರ ಏನೂ ಹೇಳ್ಬ್ಯಾಡ್ರಿ. ಆ ಜನ ಎಲ್ಲಿದ್ರೂ ಹುಡುಕ್ಕಂಡು ಹೋಗ್ರಿ. ಪಟ್ಟಿ ಬರೆದೋನು ನಾನು ಅಂತ ಅವರ ಮುಂದೆ ನಿಂತು ಹೇಳ್ರಿ. ಹೇಳಿದ ಮ್ಯಾಲೆ ಬರ್ರಿ, ಕೆಲಸ ಐತೆ. ಅಲ್ಲೀತನಕ ಬ್ಯಾಡ."

ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಬಂದೆ. ಒಂಬತ್ತು ವರ್ಷ ಬಿಟ್ಟಿ ದುಡಿದವನಿಗೆ ಇದಾ ಮರ್ಯಾದೆ ಎಂದು ಹೆಂಡತಿಯೆದುರು ಕೂಗಾಡಿದೆ. ನಾಲ್ಕು ವರ್ಷ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೋ ಔಷಧಿ ಅಂಗಡಿಯಲ್ಲೋ ಎದುರಾದರೆ ಅವರು ನಮಸ್ಕಾರ ಹೇಳುತ್ತಿರಲಿಲ್ಲ, ಆರೋಗ್ಯ ಕೇಳುತ್ತಿರಲಿಲ್ಲ. "ಹೋಗಿದ್ರಾ?" ಎನ್ನುತ್ತಿದ್ದರು. "ಇಲ್ಲ" ಎನ್ನುತ್ತಿದ್ದೆ. ಅಷ್ಟೇ. ಕೊನೆಯ ಸಲ ಸಿಕ್ಕಾಗ ಅವರು ತೀರಾ ಇಳಿದುಹೋಗಿದ್ದರು, ಹುಡುಗಿ ತೋಳು ಹಿಡಿದು ನಡೆಸುತ್ತಿದ್ದಳು. ಆಗಲೂ ನಿಂತು, ಉಸಿರು ಎಳೆದುಕೊಂಡು, ಅದನ್ನೇ ಕೇಳಿದರು. ನಾನು ಅದನ್ನೇ ಹೇಳಿದೆ. ಹಟದಲ್ಲಿ ನಾನೇ ಗೆದ್ದೆ ಎನ್ನಬೇಕು.

ಮೇಡಂ ಮನೆಯಲ್ಲಿ ಸೇರಿದ ಆ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಹನ್ನೊಂದು ಪೆಟ್ಟಿಗೆಗಳ ಜೋಡಣೆ ಮುಗಿಯಿತು. ಹನ್ನೆರಡನೆಯದು ನನಗೆ ಹೊಸದು. ಅದರಲ್ಲಿ ಪುಸ್ತಕದ ಕೊನೆಯ ಅಧ್ಯಾಯ ಇತ್ತು. ಅದು ನಮ್ಮ ಬಡಾವಣೆಯ ಸಂಗತಿ. ನನ್ನ ಪಟ್ಟಿಯ ಪ್ರತಿ ಇತ್ತು. ಆ ಜನ ಈಗ ಹಿರಿಯೂರಿನ ಆಚೆ ನಾಲೆಯ ಪಕ್ಕ ಇದ್ದಾರೆ ಎಂದು ಗುರುತು ಸಮೇತ ಬರೆದ ಹಾಳೆ ಇತ್ತು. ಮೇಡಂ ಅಲ್ಲಿಗೆ ಹಲವು ಸಲ ಹೋಗಿಬಂದಿದ್ದರು. ಅಧ್ಯಾಯದ ಕೊನೆಯ ಪುಟದಲ್ಲಿ "ಪಟ್ಟಿ ಬರೆದವರು" ಎಂದು ಬರೆದು, ಮುಂದೆ ಜಾಗ ಖಾಲಿ ಬಿಟ್ಟಿದ್ದರು.

"ದೊಡ್ಡಮ್ಮಂಗೆ ಇದು ಯಾರಂತ ಗೊತ್ತಿರ್ಲಿಲ್ವಾ ಸಾರ್?" ಹುಡುಗಿ ಕೇಳಿದಳು.

"ಗೊತ್ತಿತ್ತು."

"ಮತ್ಯಾಕೆ ಬರೀಲಿಲ್ಲ? ಪಾಪ ಅಂತನಾ?"

ಪಾಪ ಅನ್ನುವವರಲ್ಲ ಅವರು. ಯಾರ ಪರವಾಗಿಯೂ ಅವರು ತಪ್ಪೊಪ್ಪಿಗೆಯನ್ನು ತಾವೇ ಆಡುತ್ತಿರಲಿಲ್ಲ. ತಾನು ಮಾಡಿದೆ ಎಂದು ಹೇಳದವನ ಹೆಸರಿನ ಜಾಗ ಅವರ ಪುಸ್ತಕದಲ್ಲಿ ಖಾಲಿಯೇ ಇರುತ್ತಿತ್ತು. ಪುಸ್ತಕವನ್ನು ಅವರು ಅಚ್ಚಿಗೆ ಕೊಡದೆ ಇಟ್ಟಿದ್ದು ಈ ಒಂದು ಸಾಲಿಗಾಗಿ. ಗ್ರಂಥಪಾಲಕರು ಕಿಟಕಿಯ ಕಡೆ ನೋಡುತ್ತಿದ್ದರು. ಅವರಿಗೆ ಅಕ್ಷರದ ಗುರುತು ಸಿಕ್ಕಿತ್ತೆಂದು ಕಾಣುತ್ತದೆ.

"ಬರೆದವನು ನಾನಮ್ಮ" ಎಂದೆ.

ಹುಡುಗಿ ಪಟ್ಟಿಯ ಪ್ರತಿಯನ್ನೂ ಜಾಗದ ಗುರುತು ಬರೆದ ಹಾಳೆಯನ್ನೂ ತೆಗೆದು ನನ್ನ ಕೈಗಿಟ್ಟಳು. ಆಮೇಲೆ, "ನಮಗೆ ಹೇಳಿದ್ರೆ ಏನು ಬಂತು ಸಾರ್. ಹೋಗಾಣ ನಡೀರಿ, ನಾನೂ ಬರ್ತೀನಿ" ಎಂದಳು. ದೊಡ್ಡಮ್ಮನ ಮಾತಿನ ಬಿರುಸು ಅವಳಲ್ಲೂ ಇದೆ.

ಗ್ರಂಥಪಾಲಕರಿಗೆ ಕೀಲಿ ಕೊಟ್ಟು ಹನ್ನೊಂದೂ ಇಪ್ಪತ್ತಕ್ಕೆ ಬಸ್ಸು ಹತ್ತಿದೆವು. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹಿರಿಯೂರಿನಲ್ಲಿ ಇಳಿದು, ಆಟೋ ಹಿಡಿದು ನಾಲೆಯ ಬಳಿ ಹೋದಾಗ ಮೂರು ಗಂಟೆ ದಾಟಿತ್ತು. ಗುಡಾರಗಳು ಮೊದಲಿಗಿಂತ ಕಡಿಮೆ. ಸ್ಟೂಲು ತೊಳೆದು ಕೊಟ್ಟಿದ್ದ ಹೆಂಗಸು ಕೂದಲಿನ ಗಂಟು ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ನನಗಿಂತ ಮೊದಲು ಅವಳೇ ಗುರುತು ಹಿಡಿದಳು.

"ಸಾಮೀ! ಹೆಸರು ಬರ್ಕಂಡೋಗಿದ್ರಲ್ಲ ನೀವು? ಕುಂತ್ಕಳ್ರಿ, ಕುಂತ್ಕಳ್ರಿ. ಕಾರ್ಡು ಬಂತಾ?"

ನಾಲ್ಕು ವರ್ಷ ಅವಳು ಆ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಪಟ್ಟಿ ಬರೆದ ಸಾಮಿ ಬೇರೆ, ಬೆಂಕಿ ಹಚ್ಚಿದವರು ಬೇರೆ. ಹೆಸರು ಕೂಗಿದ್ದು ಹೇಗೆ ಎಂದು ಅವಳು ಕೇಳಿಕೊಂಡಿರಲಿಲ್ಲ. ಮೇಡಂ ಅಷ್ಟು ಸಲ ಬಂದರೂ ಹೇಳಿರಲಿಲ್ಲ. ಅದು ನಾನು ಹೇಳಬೇಕಾದ ಮಾತು, ನನಗೇ ಬಿಟ್ಟಿದ್ದರು.

ನಿಂತುಕೊಂಡೇ ಹೇಳಿದೆ. "ಕಾರ್ಡಿಗಲ್ಲಮ್ಮ ಅದು. ನಿಮ್ಮ ಗುಡಾರ ಸುಟ್ಟವರಿಗೆ ನಿಮ್ಮ ಹೆಸರು, ಜಾಗ ಸಿಕ್ಕಿದ್ದು ಆ ಪಟ್ಟಿಯಿಂದ. ಬರೆದವನು ನಾನು. ಗುಡಾರದ ಗುರುತು ಸೇರಿಸಿದ್ದೂ ನಾನೇ. ಯಾರೂ ಕೇಳಿರಲಿಲ್ಲ."

ಅವಳು ಕೂದಲಿನ ಗಂಟನ್ನು ಕೆಳಗಿಟ್ಟಳು. ಸುತ್ತ ಬಂದು ನಿಂತವರಿಗೆ ತೆಲುಗಿನಲ್ಲಿ ಹೇಳಿದಳು. ಒಬ್ಬ ಗಂಡಸು, ಕಿವಿ ಕೇಳದವನು, ಮತ್ತೆ ಮತ್ತೆ ಕೇಳಿ ತಿಳಿದುಕೊಂಡ. ಯಾರೂ ಕೈ ಎತ್ತಲಿಲ್ಲ.

"ಮತ್ತೆ ನಮ್ಮ ಚಾ ಯಾಕ್ ಕುಡುದ್ರಿ ಸಾಮಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಕೇಳಿದಳು.

"ಆ ಕಾಗ್ದ ಐತಾ?"

ಪಟ್ಟಿಯ ಪ್ರತಿ ತೆಗೆದೆ.

"ಹೊಡದಾಕ್ರಿ. ನಮ್ಮ ಹೆಸ್ರು ಒಂದೂ ಇರಬಾರ್ದು. ನಮ್ಮ ಮುಂದೇನೆ ಹೊಡದಾಕ್ರಿ."

ಹುಡುಗಿ ಒಂದೊಂದೇ ಹೆಸರು ಓದಿದಳು. ಹೆಸರಿನವರು ಹೂಂ ಎಂದರು. ಇಲ್ಲದವರ ಪರವಾಗಿ ಇನ್ನೊಬ್ಬರು ಹೂಂ ಎಂದರು. ನಾನು ಸ್ಕೇಲಿಟ್ಟು ಗೆರೆ ಎಳೆಯಲು ಹೋದೆ. "ನೆಟ್ಟಗೆ ಎಳೀಬ್ಯಾಡ್ರಿ. ಕಾಣದಂಗೆ ಗೀಚ್ರಿ" ಎಂದಳು. ಸ್ಕೇಲು ಜೇಬಿಗೆ ಹಾಕಿ ಗೀಚಿದೆ. ಒಂದು ಹೆಸರಿಗೆ ಮೂರು ನಿಮಿಷ ಹಿಡಿಯುತ್ತಿತ್ತು. ಕೆಲವು ಕಡೆ ಹಾಳೆ ಹರಿಯಿತು.

ಹದಿನಾಲ್ಕನೆಯ ಸಾಲು ಬಂತು. "ಎಂಕಮ್ಮ, ಎಪ್ಪತ್ತೆರಡು" ಎಂದು ಹುಡುಗಿ ಓದಿದಳು. ಯಾರೂ ಹೂಂ ಎನ್ನಲಿಲ್ಲ.

"ಅದ ಮುಟ್ಟಬ್ಯಾಡ್ರಿ" ಎಂದಳು ಆ ಹೆಂಗಸು. "ನಮ್ಮತ್ತೆ. ಅವಳ ಹೆಸರು ಇನ್ನೆಲ್ಲೂ ಬರ್ದಿಲ್ಲ. ವೋಟಿಲ್ಲ, ಕಾರ್ಡಿಲ್ಲ, ಫೋಟೋ ಇಲ್ಲ. ಇದ್ದಿದ್ದು ಇದೊಂದೇ."

ಹೆಸರು, ವಯಸ್ಸು ಹಾಗೇ ಬಿಟ್ಟೆ. ಆ ಸಾಲಿನಲ್ಲಿ "ಹಸಿರು ತಾಡಪಾಲು, ಎರಡನೆಯದು" ಎಂಬುದನ್ನು ಮಾತ್ರ ಗೀಚಿದೆ. ಉಳಿದ ಸಾಲುಗಳನ್ನು ಮುಗಿಸಿದಾಗ ಐದಾಗುತ್ತ ಬಂದಿತ್ತು.

"ಅವತ್ತು ಎಲ್ಲಾರ್ದೂ ಕೇಳಿದ್ರಿ. ನಿಮ್ಮ ಹೆಸ್ರು ಹೇಳ್ಲೇ ಇಲ್ಲ" ಎಂದಳು. ಹೇಳಿದೆ. ಹಾಳೆಯ ಕೆಳಗೆ, ಗೀಚದ ಜಾಗದಲ್ಲಿ, ಬರೆದವರು ಎಂದು ಹಾಕಿ ನನ್ನ ಪೂರ್ತಿ ಹೆಸರು, ವಿಳಾಸ ಬರೆದೆ, ಸಹಿ ಮಾಡಿದೆ. ಓದಲು ಬರುವ ಹೆಸರು ಆ ಹಾಳೆಯಲ್ಲಿ ಎರಡೇ ಉಳಿದಿದ್ದವು. ಹುಡುಗಿ ಫೋಟೋ ತೆಗೆದುಕೊಂಡಳು, ಪುಸ್ತಕಕ್ಕೆ. ಹಾಳೆಯನ್ನು ಆ ಹೆಂಗಸಿನ ಕೈಗೆ ಕೊಟ್ಟೆ. ಅವಳು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಅತ್ತೆಯ ಹೆಸರು ಎಲ್ಲಿದೆ ಎಂದು ಕೇಳಿದಳು. ಹಾಳೆ ತಿರುಗಿಸಿ, ಬೆರಳಿಟ್ಟು ತೋರಿಸಿದೆ.